ಒಳಹೊಲಿಗೆ

ಚೀಟಿ ಎತ್ತಿದ ದುಡ್ಡು ಬ್ಲೌಸಿನೊಳಗೆ ಬೆಚ್ಚಗಿತ್ತು.
ಹಲ್ಲು ಕಟ್ಟಿಸ್ಕೊಳ್ಳಿ ಅಂದಿದ್ದಳು ಸೊಸೆ,
ಫ್ರಿಜ್ಜು ತಗೋ ಅಂದಿದ್ದಳು ನೂರ್‌ಜಾನ್.
ಇಬ್ಬರಿಗೂ ಹೂಂ ಅಂದೆ.
ಆಲೂರಿಗೆ ಹೋಗಿ ನಾಳೆ ಬರ್ತೀನಿ ಅಂತ ಮನೆಯಲ್ಲಿ ಹೇಳಿ
ನೂರ್‌ಜಾನಳನ್ನೇ ಕರಕೊಂಡು
ಬಿ.ಎಂ. ರಸ್ತೆಯಲ್ಲಿ, ಈಚೆಗೆ ಮೈತುಂಬ ಗಾಜು ಹಾಕಿಸಿಕೊಂಡ
ಆ ಹೋಟೆಲಿನ ಬಾಗಿಲ ಮುಂದೆ ನಿಂತೆ.
ಮುಟ್ಟುವ ಮೊದಲೇ ತೆರೆಯಿತು.
ಅಮ್ಮನ ಬಾಗಿಲು ವರ್ಷಕ್ಕೊಮ್ಮೆ ತೆಗೆಯುವ ಊರಿನವಳು ನಾನು,
ಇಷ್ಟು ಸಲೀಸಾಗಿ ತೆರೆದರೆ
ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತದೆ.

"ಎಲ್ಲಿಂದ ಬಂದ್ರಿ ಮೇಡಂ?"
ಕೌಂಟರಿನ ಹುಡುಗ, ಕತ್ತಿಗೆ ಟೈ, ಗಂಟು ಎಡಕ್ಕೆ ವಾಲಿದೆ.
"ಹಾಸನ."
"ಅಲ್ಲ, ಊರು?"
"ಅದೇ."
ಆಧಾರ್ ಕಾರ್ಡು ಓದಿದ:
ಕೆಂಚಮ್ಮ, ಪೆನ್ಷನ್ ಮೊಹಲ್ಲಾ.
ತಿರುಗಿಸಿ ನೋಡಿದ,
ಹಿಂಬದಿಯಲ್ಲಿ ಬೇರೆ ಊರಿದ್ದೀತೇನೋ ಎಂಬಂತೆ.

ಮೂರು ಸೂಟ್ ಖಾಲಿ ಇವೆಯಂತೆ.
ಒಂದಕ್ಕೆ ಸ್ನಾನದ ತೊಟ್ಟಿ, ಒಂದಕ್ಕೆ ಬಾಲ್ಕನಿ,
ಒಂದಕ್ಕೆ ಎರಡೂ ಇಲ್ಲ, ಸೋಫಾ ಮಾತ್ರ ದೊಡ್ಡದು.
ದರ್ಶನದ ದಿನಗಳಲ್ಲಿ ಮೂರು ಪಟ್ಟು, ಈಗ ಕಮ್ಮಿ.
"ಫೋಟೋ ತೋರಿಸ್ಲಾ?"
"ಬೇಡ ಮಗ, ಕಿಟಕಿ ತೋರಿಸು."

ಮೊದಲನೆಯದರಲ್ಲಿ ನೂರ್‌ಜಾನ್ ತೊಟ್ಟಿ ಬಗ್ಗಿ ನೋಡಿ
"ಇದ್ರಲ್ಲಿ ಒಂದು ಮದುವೆ ಬಿರಿಯಾನಿ ಮಾಡ್ಬೋದು" ಅಂದಳು.
ನಾನು ಪರದೆಯ ಅಂಚು ಮಗುಚಿದೆ.
ಫ್ಯಾಕ್ಟರಿ ಹೊಲಿಗೆ. ಒಂದೇ ಸಮ.
ಹೊಲಿದವರಿಗೆ ಅಂದು ಜ್ವರವಿತ್ತೋ ಜಗಳವಿತ್ತೋ
ಏನೂ ತಿಳಿಯದು.

ಎರಡನೆಯದಕ್ಕೆ ಪರದೆಯೇ ಇಲ್ಲ,
ಗುಂಡಿ ಒತ್ತಿದರೆ ಮೇಲಿಂದ ಇಳಿಯುವ ಪ್ಲಾಸ್ಟಿಕ್ ಚಾಪೆ.
ಹುಡುಗ ಹೆಮ್ಮೆಯಿಂದ ಒತ್ತಿದ.
ಅರ್ಧಕ್ಕೆ ನಿಂತು ಕೆಮ್ಮಿತು.

ಮೂರನೆಯದಕ್ಕೆ ನಡೆಯುವಾಗ ಮುಖ ಸಣ್ಣದು ಮಾಡಿಕೊಂಡ:
"ಇದು ಹಳೇದು ಮೇಡಂ, ಮುಂದಿನ ತಿಂಗಳು ಎಲ್ಲ ಬದಲಾಯಿಸ್ತಾರೆ.
ಪರದೆ ಹಾಕೇ ಇಟ್ಕೊಳ್ಳಿ, ಹಿಂದೆ ಬರೀ ಮನೆಗಳು."
ಅಂದು ಮಾವಿನೆಲೆಯ ಬಣ್ಣ,
ಇಂದು ಬಾಗಿಲಲ್ಲಿ ಒಣಗಿದ ತೋರಣದ ಬಣ್ಣ.
ಎಡಗಡೆಯ ಕೆಳಮಡಿಕೆ ತಿರುಗಿಸಿದೆ,
ಮೂಲೆಯಿಂದ ಒಂದು ಗೇಣು ದೂರ:
ಕೆಂಪು ನೂಲು.

ಇಪ್ಪತ್ತೆರಡು ವರ್ಷ.
ಹಸಿರು ಉಂಡೆ ಮುಗಿದು, ಸಂತೆಪೇಟೆಯ ಅಂಗಡಿಗಳೆಲ್ಲ ಮುಚ್ಚಿ,
ಬೆಳಿಗ್ಗೆ ಉದ್ಘಾಟನೆ ಅಂತ ಕಂಟ್ರಾಕ್ಟರು
ನಮ್ಮ ಹೊಸ್ತಿಲಲ್ಲೇ ಕೂತು ಬೀಡಿ ಸೇದುತ್ತಿದ್ದ ರಾತ್ರಿ.
ಕರೆಂಟು ಹೋಯಿತು, ಬಂತು, ಹೋಯಿತು.
ನೂರ್‌ಜಾನ್ ಲಾಟೀನು ಹಿಡಿದಳು, ನಾನು ತುಳಿದೆ.
ಅಡಿಗೆ ಎರಡು ರೂಪಾಯಿ.
ಕೆಂಪಾದರೇನು, ಒಳಗಡೆ ಯಾರು ನೋಡ್ತಾರೆ, ಅಂದಿದ್ದಳು.
ಯಾರೂ ನೋಡಲಿಲ್ಲ.

"ಇದೇ ಇರಲಿ."
"ತೊಟ್ಟಿ ಇಲ್ವಲ್ಲ ಮೇಡಂ?"
"ಇದೇ."

ಆರು ದಿಂಬು, ಎರಡು ತಲೆ.
ಮಂಚ ಆಳನ್ನು ನುಂಗುತ್ತದೆ ಎಂದು
ನೂರ್‌ಜಾನ್ ನೆಲದ ಕಾರ್ಪೆಟ್ಟಿನ ಮೇಲೆ ಉರುಳಿದಳು.
ಕೆಟಲಿನಲ್ಲಿ ಚಹಾ ಕಾಸಿ, ಹಳೇ ಗಿರಾಕಿಗಳ ಅಳತೆ ನೆನೆದೆವು:
ಯಾರ ತೋಳು ಎಷ್ಟು, ಯಾರ ಸೊಂಟ ಎಷ್ಟು,
ಯಾರು ಕೂಲಿ ಉಳಿಸಿಕೊಂಡೇ ಸತ್ತರು.
ಸಾಬೂನು ಸಣ್ಣದು, ಅದು ಪರ್ಸಿಗೆ ಹೋಯಿತು.

ಬೆಳಿಗ್ಗೆ ಪರದೆ ಎಳೆದೆ. ಬಳೆಗಳು ತಂತಿಯ ಮೇಲೆ ಕಿರ್ರೆಂದವು.
ಕೆಳಗೆ ನಮ್ಮದೇ ಗಲ್ಲಿ.
ನಮ್ಮದೇ ತಾರಸಿ, ಬಿರುಕಿಗೆ ಸಿಮೆಂಟು ಮೆತ್ತಿದ ತೊಟ್ಟಿ,
ಹಗ್ಗದ ಮೇಲೆ ನನ್ನ ನೀಲಿ ನೈಟಿಯನ್ನು
ಒಳಮಗ್ಗುಲು ಹೊರಗೆ ಮಾಡಿ ಹರವುತ್ತಿದ್ದಾಳೆ ಸೊಸೆ.

ಅಂದರೆ ಅಡಿಗೆ ಎರಡು ರೂಪಾಯಿಗೆ
ನಾನು ಮುಚ್ಚಿದ್ದು ನನ್ನನ್ನೇ.

ಅವಳು ಹಣೆಗೆ ಕೈ ಅಡ್ಡ ಹಿಡಿದು ಈ ಕಡೆ ನೋಡಿದಳು.
ಆಲೂರಿಗೆ ಹೋದವಳು ನಾನು, ಆದರೂ ಕೈ ಬೀಸಿದೆ.
ಗಾಜಿನ ಮೇಲೆ ಬಿಸಿಲಿತ್ತು, ಅವಳಿಗೆ ಕಂಡದ್ದು ಬರೀ ಬಿಸಿಲು.

ನೂರ್‌ಜಾನ್ ಎದ್ದು ಬಂದು ಪಕ್ಕ ನಿಂತಳು.
ಬಹಳ ಹೊತ್ತು ನೋಡಿದಳು.
"ನಿನ್ನ ಹಿಂದಿನ ಗೋಡೆಗೆ
ಸುಣ್ಣ ಬೇಕು ಕಣೇ," ಅಂದಳು.