ತಾರಿಯವನ ಹೇಳಿಕೆ

ಬರೆದುಕೊಳ್ಳಿ ಸಾಹೇಬರೇ, ಹೆಸರು ಪುರ್ಸೋ.
ಕೆಲಸ ತಾರಿ ನಡೆಸುವುದು,
ಕೋಡಿಬಾಗದಿಂದ ಮುಡಗೆಜೂಗಕ್ಕೆ, ಇಪ್ಪತ್ತಾರು ವರ್ಷ.
ವಯಸ್ಸು ಆಧಾರ್ ಕಾರ್ಡಿನಲ್ಲಿ ಒಂದಿದೆ,
ಮೊಣಕಾಲಿನಲ್ಲಿ ಇನ್ನೊಂದು.

ನೀವು ಕೇಳಿದ್ದು, ಶಾಬು ಮಾಸ್ತರರ ಉದ್ದೇಶ ಹೇಗಿತ್ತು ಅಂತ.

ಒಳ್ಳೆಯದಿತ್ತು.
ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ ಅಧ್ಯಕ್ಷರು.
ಲುಂಗಿ ಎತ್ತಿ ಕಟ್ಟಿ, ಸೊಂಟದ ಮಟ್ಟದ ರಾಡಿಯಲ್ಲಿ
ಬಾಣಂತಿಯರನ್ನು ಕುರ್ಚಿ ಸಮೇತ ಹೊತ್ತರು.
ಎಲ್ಲರೂ ಶಾಲೆಗೆ ನಡೆಯಿರಿ ಎಂದರು.
ಸ್ಲ್ಯಾಬಿನ ಮಾಡು, ಬಿಸಿಯೂಟದ ಅಕ್ಕಿ,
ಹೆಂಗಸರಿಗೆ ಚಿಲಕವಿರುವ ಪಾಯಖಾನೆ.
ತಮ್ಮ ತಾಯಿಯನ್ನೇ ಮೊದಲು ತಂದು
ಒಂದನೇ ಇಯತ್ತೆಯ ಬೆಂಚಿನ ಮೇಲೆ ಮಲಗಿಸಿದರು.
ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿಗೂ ಬೇಡ.

ಅಂದು ಅಮಾವಾಸ್ಯೆ.
ಮೇಲೆ ಅಣೆಕಟ್ಟಿನ ಗೇಟು ತೆಗೆದಿದ್ದರು,
ಕೆಳಗೆ ಸಮುದ್ರ ಏರುತ್ತಿತ್ತು.
ಹೊಳೆ ಆಗ ಅಳಿವೆಯ ಬಾಯಲ್ಲಿ ನಿಂತುಬಿಡುತ್ತದೆ,
ಬಾಗಿಲಲ್ಲಿ ಎದುರಾದ ಬೀಗರ ಹಾಗೆ,
ನೀವು ಮೊದಲು, ಇಲ್ಲ ನೀವು ಮೊದಲು.
ಅಷ್ಟರಲ್ಲಿ ಹಿಂದಿನ ನೀರಿಗೆ ತಾಳ್ಮೆ ತಪ್ಪಿ
ಬದಿಗೆ ನುಗ್ಗುತ್ತದೆ.
ಶಾಲೆ ಇರುವುದು ಆ ಬದಿಗೆ.

ನನಗೆ ಗೊತ್ತಿತ್ತು.
ಉಬ್ಬರ ರಾತ್ರಿ ಹನ್ನೊಂದು ಇಪ್ಪತ್ತಕ್ಕೆ,
ಹೊತ್ತು ಮುಳುಗುವುದರೊಳಗೆ ಎಲ್ಲರನ್ನೂ
ಈಚೆ ದಡಕ್ಕೆ ದಾಟಿಸೋಣ ಎಂದೆ.
ಒಮ್ಮೆ ಎಂದೆ.
ಎರಡನೇ ಸಲ ಬಾಯಿ ತೆರೆದಾಗ ಮಾಸ್ತರರ ಕಣ್ಣು ತುಂಬಿತ್ತು.
“ಈ ಮಕ್ಕಳನ್ನು ಇಂಥ ಹೊಳೆಗೆ ಇಳಿಸಲೇನೋ, ಪುರ್ಸೋ?”
ಅಳುವವರ ಮುಂದೆ ಉಬ್ಬರದ ಲೆಕ್ಕ ಹೇಗೆ ಬಿಚ್ಚುವುದು?
ನಾಲಿಗೆಗೆ ಬಂದದ್ದನ್ನು ಕವಳದ ಜೊತೆ ಜಗಿದು
ನೀರಿಗೆ ಉಗಿದೆ.

ಸ್ಲ್ಯಾಬಿಗೆ ಮೆಟ್ಟಿಲಿರಲಿಲ್ಲ. ಎಸ್ಟಿಮೇಟಿನಲ್ಲಿತ್ತು.
ಬೆಳಗಿಗೆ ಶೆವಂತಿಬಾಯಿ ಇಲ್ಲ, ಅವಳ ಮೊಮ್ಮಗ ಇಲ್ಲ,
ಬೆಂಚಿನ ಮೇಲೆ ಬೆಂಚು ಪೇರಿಸಿ ಎಲ್ಲರನ್ನೂ ಹತ್ತಿಸಿದ
ಕಾವಲಿನ ದುಮಿಂಗ ಇಲ್ಲ.
ಮಾಸ್ತರರ ತಾಯಿ ಉಳಿದರು.
ಆ ಮುದುಕಿ ಇವತ್ತಿಗೂ ಅದಕ್ಕೆ ನಾಚುತ್ತಾರೆ.

ರೇತಿ ರೋಹಿದಾಸನ ವಿಷಯ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ.
ಹಿಂದಿನ ನೆರೆಯಲ್ಲಿ ಅವನದೇ ಅಧಿಕಾರ.
ತನ್ನ ರೇತಿ ದೋಣಿಗಳನ್ನೇ ಗಂಟೆಗಿಷ್ಟೆಂದು ಬಾಡಿಗೆಗೆ ಹಚ್ಚಿ,
ಮಳೆ ಸರಿಯಾಗಿ ಹಿಡಿಯುವ ಮುಂಚೆಯೇ ಜನರನ್ನು ಎಬ್ಬಿಸಿದ.
ಗಂಟೆ ಹೆಚ್ಚಾದಷ್ಟೂ ಬಿಲ್ಲು ಉದ್ದ.
ಜನ ಬಿಡಲಿಲ್ಲ. ಎಲ್ಲಿಗೆ? ಯಾಕೆ? ಆ ದಿಬ್ಬಕ್ಕೇ ಯಾಕೆ?
ಪ್ರತಿ ಖೇಪಿಗೂ ಜಗಳ.
ಇದೇ ಶೆವಂತಿಬಾಯಿ ಅವನ ಅಂಗಿ ಹಿಡಿದು ಕೇಳಿದ್ದಳು,
“ನಿನ್ನ ದಿಬ್ಬಕ್ಕೆ ನೀರು ಬರುವುದಿಲ್ಲವೆಂದು ಯಾರು ಹೇಳಿದರು?”
ಬೈದುಕೊಂಡೇ ಜಾಗ ಬದಲಿಸಿದ.
ಒಂದು ಕೋಳಿ ಕೂಡ ಸಾಯಲಿಲ್ಲ.
ಅವನ ಹೆಸರು ಬಂದರೆ ಇಂದಿಗೂ ಉಗಿಯುತ್ತೇವೆ,
ತಪ್ಪೇನಿಲ್ಲ, ಕಳ್ಳನೇ.

ಆದರೆ ಕಳ್ಳನ ಹತ್ತಿರ ನಾವು ಲೆಕ್ಕ ಕೇಳಿದೆವು.
ಒಳ್ಳೆಯವರ ಹತ್ತಿರ ಕೇಳಲಿಲ್ಲ.
ಕೇಳಿದರೆ ಅವರ ಒಳ್ಳೆಯತನವನ್ನೇ ಕೇಳಿದಂತೆ ಅಂದುಕೊಂಡೆವು.
ಹನ್ನೊಂದು ಇಪ್ಪತ್ತು ಅಂತ
ನಾನು ಕೂಗಿ ಹೇಳಬೇಕಿತ್ತು, ಸಾಹೇಬರೇ.
ಅವರು ಬೈಯುವಷ್ಟು, ಹೊಡೆಯುವಷ್ಟು.

ಈಗ ಅವರು ದಿನಾ ತಾರಿಗೆ ಬರುತ್ತಾರೆ.
ಮೂತಿಯ ಹತ್ತಿರ ಕೂರುತ್ತಾರೆ, ಯಾರೂ ಪಕ್ಕಕ್ಕೆ ಕೂರುವುದಿಲ್ಲ.
“ಇವತ್ತು ಉಬ್ಬರ ಎಷ್ಟಕ್ಕೆ?” ಎಂದು ಕೇಳುತ್ತಾರೆ.
ಹೇಳುತ್ತೇನೆ.
ಹಳೆಯ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ನಿಮ್ಮ ಕಾಗದದಲ್ಲಿ ಒಂದೇ ಸಾಲು ಖಾಲಿ ಇದೆ,
ಇಷ್ಟೆಲ್ಲ ಅಲ್ಲಿ ಹಿಡಿಯಲಾರದು, ಗೊತ್ತು.
ಹೆಬ್ಬೆಟ್ಟಿನ ಶಾಯಿ ಬೇಡ, ಪೆನ್ನು ಕೊಡಿ.
ಸಹಿ ಮಾಡುತ್ತೇನೆ.
ರಾತ್ರಿ ಶಾಲೆಯಲ್ಲಿ, ಕೈ ಹಿಡಿದು,
ಕಲಿಸಿದ್ದು ಅವರೇ.