ನಾಲ್ಕು, ಐದು, ಮೂರು, ಆರು

ಇಡೀ ಹಾಡು ಎಂಬತ್ತೊಂಬತ್ತು ಸೆಕೆಂಡು.
ಕಾರ್ಟೂನು ಶುರುವಾಗುವ ಮೊದಲು ಒಬ್ಬಳು ಹುಡುಗಿ
ರೈಲುಹಳಿಯ ಪಕ್ಕ ಓಡುತ್ತಾಳಲ್ಲ, ಆ ಹಾಡು.
ನಾನೂರು ಸಲ ಕೇಳಿದ್ದೇನೆ,
ಇನ್ನೂ ಹದಿನಾರನೇ ಸೆಕೆಂಡಿನಲ್ಲೇ ಇದ್ದೇನೆ.

"ಸಂಶೋಧನೆಗೆ ಇದೇ ಸಿಕ್ಕಿತಾ?" ಅಂದಿದ್ದರು ನೊರೊನ್ಹಾ ಸರ್.
ಆಮೇಲೆ ಕನ್ನಡಕ ತೆಗೆದಿಟ್ಟು
ಚರ್ಚಿನ ಹಳೇ ಆರ್ಗನ್ನಿನಲ್ಲಿ
ನಾಲ್ಕು, ಐದು, ಮೂರು, ಆರು ಒತ್ತಿ
ಸುಮ್ಮನೆ ಕೂತರು.

ಅಲ್ಲಿಯವರು ಇದಕ್ಕೆ ರಾಜಮಾರ್ಗ ಅನ್ನುತ್ತಾರೆ.
ನಾಲ್ಕರಿಂದ ಐದಕ್ಕೆ ಏರಿ, ಇನ್ನೇನು ಷಡ್ಜ, ಇನ್ನೇನು ಬಾಗಿಲು
ಅನ್ನುವಾಗ ಮೂರಕ್ಕೆ ಹೊರಳಿ ಆರರಲ್ಲಿ ಇಳಿಯುತ್ತದೆ.
ಎಂಥ ರಾಜಮಾರ್ಗ ಮಾರಾಯ್ರೆ,
ಮನೆ ಎದುರಿಂದಲೇ ಹೋಗಿ ಮನೆಗೆ ಹೋಗದ್ದು!

ಅಮ್ಮನಿಗೆ ಜಪಾನು ನನಗಿಂತ ಮೊದಲೇ ಗೊತ್ತು.
ಕೋಟೆಪುರದ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ
ಮದ್ಮಲ್ ಮೀನಿನ ತಲೆ ಕಡಿದವಳು.
ಮದುಮಗಳ ಹಾಗೆ ಕೆಂಪಗಿದ್ದದ್ದನ್ನು ತೊಳೆದು, ಅರೆದು,
ಬೆಳ್ಳಗೆ ಮಾಡಿ, ಮಂಜುಗಟ್ಟಿಸಿ, ಪೆಟ್ಟಿಗೆಗೆ ತುಂಬಿ ಕಳಿಸುವುದು.
"ಅದನ್ನೇ ಅವರು ಏಡಿ ಅಂತ ತಿನ್ನುತ್ತಾರಂತೆ!"
ಈಗಲೂ ನಗುತ್ತಾಳೆ.
ಹೋದದ್ದು ಮೀನು, ಬಂದದ್ದು ಹಾಡು.
ಯಾರು ಯಾರಿಗೆ ಬಾಕಿ,
ನನ್ನ ಪ್ರಬಂಧದಲ್ಲಿ ಅದಕ್ಕೆ ಅಧ್ಯಾಯವಿಲ್ಲ.

ಇರುವ ಮೂರನೇ ಅಧ್ಯಾಯ, ನಾಲ್ಕು ಏಳು ಕಿತ್ತ ಸ್ವರಶ್ರೇಣಿಯದ್ದು.
ಮಧ್ಯಮ ನಿಷಾದ ತೆಗೆದರೆ ನಮ್ಮ ಮೋಹನವೇ, ಎಂದು ಬರೆದೆ.
ಹೊಡೆದುಹಾಕಿದೆ.
ನಮ್ಮದೇ ಅದು ಅನ್ನುವ ಮಾತು
ಮಧ್ಯಾಹ್ನದ ಬೂತಾಯಿಯ ಹಾಗೆ, ಬೇಗ ನಾರುತ್ತದೆ.
ಐದು ಸ್ವರ ಅವೇ. ನಡೆಯುವ ಕಾಲು ಬೇರೆ.

ನಿನ್ನೆ ರಾತ್ರಿ ಎರಡೂವರೆ.
ಹೆಡ್‌ಫೋನಿನ ಒಂದು ಕಿವಿ ಕೆಟ್ಟಿದೆ, ಆ ಕಡೆಯಿಂದ ಕಡಲು,
ಈ ಕಡೆಯಿಂದ ಹದಿನಾರನೇ ಸೆಕೆಂಡು.
ಅಪ್ಪನ ಫೋನು ಬಂತು:
"ಅಳಿವೆಯ ಹೊರಗಿದ್ದೇವೆ. ನೀರು ಸಾಲದು, ಭರತ ಬರಬೇಕು."
ದಕ್ಕೆಯ ದೀಪ ಕಾಣುತ್ತದಂತೆ.
ಯಾರದ್ದೋ ಸ್ಕೂಟರು ಹೋದದ್ದೂ ಕಾಣುತ್ತದಂತೆ.
ಇಂಜಿನು ನಿಲ್ಲಿಸದೆ ಅಲ್ಲೇ ಸುತ್ತುತ್ತಿದ್ದಾರಂತೆ,
ಅದರ ಗುಡುಗುಡು ಫೋನಿನೊಳಗೆ ಸಣ್ಣಗೆ.

ಐದರಲ್ಲಿ ನಿಂತವನಿಗೆ ಒಂದು ಹೇಗೆ ಕಾಣುತ್ತದೆ,
ಕೇಳಬೇಕಿತ್ತು ನಾನು, ಉಲ್ಲೇಖದ ಸಮೇತ.
ಕೇಳಿದ್ದು, "ಊಟ ಆಯ್ತಾ?"

"ಬಂಗುಡೆ ಇತ್ತು. ನೀನು ಮಲಗು."

ಅಮ್ಮ ಎದ್ದು ಗಂಜಿಯ ಪಾತ್ರೆಗೆ ಮುಚ್ಚಳ ಹಾಕಿದಳು.
ನಾನು ಹಾಡನ್ನು
ಸ್ವಲ್ಪ ಹಿಂದಕ್ಕೆ ಸರಿಸಿದೆ.