ಹತ್ತು ಎಣಿಸುವವರೆಗೆ

ಲ್ಯಾಬಿನ ಬೀರುವಿನ ಕೀಲಿ
ವರ್ಗವಾಗಿ ಹೋದ ಮೇಷ್ಟ್ರ ಜೇಬಿನಲ್ಲೇ ಹೋಯಿತಂತೆ.
ಹಾಗಾಗಿ ಒಂಬತ್ತನೇ ‘ಬಿ’ಗೆ ನಾನು ಹಂಚಿದ್ದು
ಗುಂಪಿಗೆ ಹತ್ತು ಹಳೇ ಪೇಪರ್ ಹಾಳೆ,
ಒಂದು ಮೊಳ ಟೇಪು,
ವಡ್ಡಹಳ್ಳಿ ಮಂಡಿಯ ಗೇಟಿನಲ್ಲಿ ಬಿದ್ದು ಸಿಕ್ಕ
ಒಂದೊಂದು ಟೊಮೆಟೊ.

ಗೋಪುರ ತಾನಾಗಿ ನಿಲ್ಲಬೇಕು. ಹಣ್ಣು ನೆತ್ತಿಯ ಮೇಲಿರಬೇಕು.
ನಾನು ಹತ್ತು ಎಣಿಸುವವರೆಗೆ ಯಾರೂ ಮುಟ್ಟಬಾರದು.
ನಿಂತದ್ದರಲ್ಲಿ ಎತ್ತರದ್ದು ಗೆದ್ದ ಹಾಗೆ.
ಬಹುಮಾನ ಏನು ಮಿಸ್, ಎಂದಳು ಚರಿತಾ.
ಚಪ್ಪಾಳೆ ಎಂದೆ.
ಅವಳ ಮುಖ ಉಪ್ಪಿಲ್ಲದ ಸಾರಾಯಿತು.

ಮೊನ್ನೆಯ ಮಂತ್ರಿ, ನಿನ್ನೆಯ ಕೊಲೆ,
ವಧು ಬೇಕಾಗಿದ್ದಾಳೆ,
ಹದಿನೈದು ಕೆಜಿ ಬಾಕ್ಸಿನ ಧಾರಣೆ,
ಎಲ್ಲ ಸುರುಳಿ ಸುತ್ತಿಕೊಂಡು ಕಂಬವಾದವು.
ಶಾಯಿ ಬೆರಳಿಗೆ, ಬೆರಳು ಮೂಗಿಗೆ.

ತಬಸ್ಸುಮ್‌ಳ ಅಪ್ಪನದು ಮುಳಬಾಗಿಲಲ್ಲಿ ಗ್ರಿಲ್ ಅಂಗಡಿ.
ತ್ರಿಕೋನವೆಂದರೆ ಆ ಮನೆಯಲ್ಲಿ ಪಾಠವಲ್ಲ, ಕಸುಬು.
ಅವಳದು ಸರಸರ ಏರಿ
ಕರಿಹಲಗೆಯ ಅಂಚು ದಾಟಿತು.

ಮುನಿಚಂದ್ರ ಆ ವಾರ ಮೂರನೇ ಸಲ ತಡ.
ಬೆರಳ ಸಂದಿಯಲ್ಲಿ ಟೊಮೆಟೊ ತೊಟ್ಟಿನ ಕಪ್ಪುಹಸಿರು,
ಎಷ್ಟು ತಿಕ್ಕಿದರೂ ಹೋಗದ್ದು.
ಅರ್ಧ ಹೊತ್ತು ಬೆಂಚಿಗೆ ಕೆನ್ನೆಯಿಟ್ಟು ತೂಕಡಿಸಿದ.
ಆಮೇಲೆ ಎದ್ದು, ಗೆಳೆಯರು ಒತ್ತೊತ್ತಾಗಿ ಕಟ್ಟಿದ್ದನ್ನು ಬಿಚ್ಚಿ,
‘ಗಾಲಿ ಪೋವಾಲರಾ, ಸಂದುಂಡಾಲ’ ಎಂದ ಮನೆಮಾತಿನಲ್ಲಿ.
ಗಾಳಿ ಹೋಗಬೇಕಂತೆ. ಸಂದಿರಬೇಕಂತೆ.
ಇಲ್ಲದಿದ್ದರೆ ಹಣ್ಣು ದಾರಿಯಲ್ಲೇ ಕೊಳೆಯುತ್ತಂತೆ.

ನಾನು ಹಲಗೆಯ ಮೇಲೆ ‘ಗುರುತ್ವ ಕೇಂದ್ರ’ ಎಂದು ಬರೆದು
ಅಡಿಗೆರೆ ಎಳೆದೆ.
‘ಬರುವು ಕೂತ್ಕೊಳೋ ಜಾಗಾನಾ ಮಿಸ್?’
ಪುಸ್ತಕಕ್ಕೆ ಅದನ್ನು ಹೇಳಲು ಮೂರು ಸಾಲು ಬೇಕಾಗಿತ್ತು.

ಬೆಳಗಿನಿಂದ ಕರೆಂಟಿರಲಿಲ್ಲ.
ಒಂದು, ಎರಡು.
ಮೂರಕ್ಕೆ ಚರಿತಾಳದು ಮೊಣಕಾಲೂರಿತು.
ನಾಲ್ಕು, ಐದು, ಆರು,
ನಲವತ್ತೊಂದು ಮಕ್ಕಳ ಉಸಿರು ಒಂದೇ ಗಂಟಲಲ್ಲಿ.
ಏಳು,
ಕರೆಂಟು ಬಂತು.

ಫ್ಯಾನು ಕಿರ್ರೆಂದು ಎಚ್ಚರಾಯಿತು.
ತಬಸ್ಸುಮ್‌ಳ ಗೋಪುರ ದೊಡ್ಡವರಿಗೆ ನಮಸ್ಕಾರ ಮಾಡಿದಂತೆ
ಸೊಂಟದಲ್ಲಿ ಬಾಗಿ ಹಾಗೇ ಮಲಗಿತು.
ಹಣ್ಣು ಬೆಂಚಿನಡಿ ಉರುಳಿ, ಒಡೆದು,
ಬೀಜ ಕಾಣಿಸಿತು.
ಮುನಿಚಂದ್ರನದು ನಡುಮಟ್ಟ ಅಷ್ಟೆ.
ಗಾಳಿ ಒಳಗೆ ಹೊಕ್ಕು, ಅಡ್ಡಾಡಿ, ಆಚೆ ಹೋಯಿತು.
ಅದೂ ಅಲುಗಿತು. ನಿಧಾನಕ್ಕೆ ವಾಲಿತು.
ವಾಲಿ, ಗೋಡೆಗೆ ಭುಜ ಕೊಟ್ಟು,
ಹಾಗೇ ಉಳಿಯಿತು, ತಲೆಯ ಮೇಲೆ ಹಣ್ಣು.
ಎಂಟು. ಒಂಬತ್ತು.
ಹತ್ತು ಎಂದದ್ದು ನಾನೋ, ನನ್ನ ಅಭ್ಯಾಸವೋ.

ಗೋಡೆ ಮುಟ್ಟಿದರೆ ಔಟು, ಎಂದಳು ತಬಸ್ಸುಮ್.
ಗೋಡೆ ನಿಯಮದಲ್ಲೇ ಇಲ್ಲ, ಎಂದಿತು ಹಿಂದಿನ ಬೆಂಚು.
ವಾಲೋದು ಅಂದ್ರೆ ಅರ್ಧ ಬಿದ್ದಂಗೆ.
ಅರ್ಧ ಬೀಳೋದು ಅಂತ ಎಲ್ಲಾದ್ರೂ ಇದೆಯೇನೇ?
ಮುನಿಚಂದ್ರ ಏನೂ ಹೇಳಲಿಲ್ಲ,
ಟೇಪಿನ ಮಿಕ್ಕ ತುಂಡನ್ನು ಹರಿದ ಚಪ್ಪಲಿಗೆ ಸುತ್ತುತ್ತಿದ್ದ.
ಊಟದ ಗಂಟೆ ನನ್ನನ್ನು ಉಳಿಸಿತು.
ನಾಳೆ ಹೇಳ್ತೀನಿ ಎಂದೆ.
ಗಂಗುಲಮ್ಮ ಹಣ್ಣುಗಳನ್ನೆಲ್ಲ ತೊಳೆದು,
ಗೆದ್ದದ್ದು ಸೋತದ್ದು ಕೇಳದೆ,
ಸಾಂಬಾರಿಗೆ ಹೆಚ್ಚಿಕೊಂಡಳು.

ಸಂಜೆ ಐದೂ ಮುಕ್ಕಾಲಿನ ಬಸ್ಸು
ಮಂಡಿಯ ಗೇಟಿನ ಮುಂದೆ ಸಿಕ್ಕಿಕೊಂಡಿತು.
ಕ್ಯಾಂಟರಿನ ಮೇಲೆ ಕ್ರೇಟು, ಕ್ರೇಟಿನ ಮೇಲೆ ಕ್ರೇಟು,
ಸಂದುಗಳಲ್ಲಿ ಆಚೆಬದಿಯ ಬಿಸಿಲು
ಚೂರುಚೂರಾಗಿ ಕಾಣುತ್ತಿತ್ತು.
ಎಲ್ಲದರ ಮೇಲೆ, ಹಣ್ಣಿನ ಜಾಗದಲ್ಲಿ,
ಸ್ಕೂಲಿನ ನೀಲಿ ಪ್ಯಾಂಟಿನಲ್ಲೇ, ಹಗ್ಗ ಹಿಡಿದು ಅವನು.
ಕೆಳಗಿಂದ ಯಾರೋ ಇನ್ನೊಂದು ಸಾಲು ಎತ್ತಿ ಕೊಡುತ್ತಿದ್ದರು.

ಕಿಟಕಿಯ ಸರಳು ಬಿಗಿಹಿಡಿದೆ.
ಒಂದು ಎಂದೆ, ತುಟಿ ಅಲುಗದಂತೆ.
ಎರಡು. ಮೂರು.
ಬಸ್ಸು ಹೊರಟಿತು.
ನಾಲ್ಕು, ಕತ್ತು ತಿರುಗಿಸಿ, ಐದು,
ಆರು,
ಕಂಡಕ್ಟರು ಬಂದು ಕೈ ಚಾಚಿದ:
ಆಧಾರ, ಮೇಡಂ.